ಆಯ್ದುಕೊಂಡ ಮಳೆ

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಮಧ್ಯಾಹ್ನದ ಹೊತ್ತಿಗೆ ಹೋದವರಿಗೆ ಒಂದು ನೋಟ ತಪ್ಪದೆ ಕಣ್ಣಿಗೆ ಬೀಳುತ್ತದೆ. ಪುಣೆ, ಸೊಲ್ಲಾಪುರ, ಹೈದರಾಬಾದುಗಳಿಂದ ಕಾರಿನಲ್ಲಿ ಬಂದವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಗಳ ಮುಂದೆ ನಿಂತು ಭಿಕ್ಷೆ ಬೇಡುತ್ತಾರೆ. ಮಧುಕರಿ ಅಂತ ಅದಕ್ಕೆ ಹೆಸರು. ಐದು ಮನೆ ಬೇಡಬೇಕು, ಸಿಕ್ಕಿದ್ದನ್ನು ಉಣ್ಣಬೇಕು. ನಡುಮಧ್ಯಾಹ್ನ ದತ್ತಾತ್ರೇಯನೇ ಯಾವುದೋ ವೇಷದಲ್ಲಿ ಇಲ್ಲಿ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆಯಿದೆ. ಹಾಗಾಗಿ ಬಾಗಿಲಿಗೆ ಬಂದವರು ಯಾರು, ಎಂಥವರು ಅಂತ ವಿಚಾರಿಸುವ ಹಾಗಿಲ್ಲ. ಅದೇ ಓಣಿಯಲ್ಲಿ, ಅದೇ ಬಿಸಿಲಲ್ಲಿ, ಇನ್ನೊಂದು ಸಾಲು ಕೂತಿರುತ್ತದೆ. ಅವರು ನಿನ್ನೆಯೂ ಬೇಡಿದವರು, ನಾಳೆಯೂ ಬೇಡುವವರು. ಎರಡೂ ಜೋಳಿಗೆಗೆ ಬೀಳುವುದು ಅದೇ ರೊಟ್ಟಿ, ಅದೇ ಪಲ್ಯ.

ಈ ಎರಡು ಜೋಳಿಗೆಗಳ ನಡುವೆ ಇರುವ ವ್ಯತ್ಯಾಸ ಏನು? ಒಬ್ಬನಿಗೆ ಕಾರು ಕಾಯುತ್ತಿದೆ, ಇನ್ನೊಬ್ಬನಿಗೆ ಇಲ್ಲ. ಸುಲಭದ ಉತ್ತರ, ಸರಿಯಾದ ಉತ್ತರವೂ ಹೌದು. ಆದರೆ ಅದರೊಳಗೆ ಬಿಡಿಸಲಾರದ ಒಂದು ಗಂಟು ಇದೆ ಅಂತ ನನಗೆ ಹೊಳೆದದ್ದು ಗಾಣಗಾಪುರದಲ್ಲಲ್ಲ. ಅಲ್ಲಿಂದ ಒಂದು ಇಡೀ ರಾತ್ರಿಯ ದಾರಿಯಾಚೆ, ಹೊನ್ನಾವರದ ಹತ್ತಿರದ ಕಡಲ ದಂಡೆಯಲ್ಲಿ, ಸೋರುವ ಟೆಂಟಿನೊಳಗೆ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮಗೆ ದಂಡೆ ಅಂದರೆ ಹೊಳೆದಂಡೆ. ನನ್ನ ಹೆಂಡತಿಯ ತವರು ಆಳಂದ, ಅವರದು ಅಮರ್ಜಾ. ನನ್ನ ಅವ್ವ ಇರುವುದು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿ. ನಾನು ಪಾಠ ಮಾಡಲು ದಿನಾ ಕಲಬುರಗಿಯಿಂದ ಕಟ್ಟಿ ಸಂಗಾವಿಯ ಸೇತುವೆ ದಾಟಿ ಜೇವರ್ಗಿಗೆ ಹೋಗುವವನು. ನಮ್ಮಲ್ಲಿ ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ. ಕರಾವಳಿಯಲ್ಲಿ 3,000 ದಾಟುತ್ತದೆ. ಮಳೆಗಾಗಿ ಕಪ್ಪೆ ಮದುವೆ ಮಾಡುವ ಸೀಮೆಯವರು ಮಳೆಯಲ್ಲಿ ನೆನೆಯಲಿಕ್ಕೆ ದುಡ್ಡು ಕೊಟ್ಟು ಹೋಗುವುದೆಂದರೆ ನಗು ಬರುವ ಸಂಗತಿಯೇ. ಆದರೂ 2022ರ ದಸರಾ ರಜೆಯಲ್ಲಿ ಮಕ್ಕಳ ಹಟಕ್ಕೆ ಹೋದೆವು. ಅವ್ವನನ್ನೂ ಕರೆದುಕೊಂಡು ಹೋದೆವು, ಕಡಲು ನೋಡಿಲ್ಲ ಅಂತ.

ಅವ್ವ ಕಡಲು ನೋಡಿ ಕೇಳಿದ ಮೊದಲ ಮಾತು: "ನಮ್ಮ ಭೀಮಾನ ನೀರು ಇಲ್ಲೇ ಬರ್ತದೇನು?" ಇಲ್ಲ ಅಂದೆ. ಭೀಮಾ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ, ಈ ಪಡುವಣ ಕಡಲಿಗೆ ಸಮೀಪವೇ. ಆದರೆ ಅದಕ್ಕೆ ಬೆನ್ನು ತಿರುಗಿಸಿ 860 ಕಿಲೋಮೀಟರ್ ಹರಿದು, ರಾಯಚೂರಿನ ಹತ್ತಿರ ಕೃಷ್ಣೆಯನ್ನು ಕೂಡಿ, ಮೂಡಣ ಕಡಲಿಗೆ ಹೋಗುತ್ತದೆ. "ಹಂಗಾದ್ರ ಈ ನೀರಿಗೂ ನಮಗೂ ಸಂಬಂಧ ಇಲ್ಲ ಬಿಡು," ಅಂದಳು, ಒಂದು ನಮೂನೆ ಸಮಾಧಾನದಲ್ಲಿ.

ಎರಡನೆಯ ಮಾತು ಟೆಂಟ್ ನೋಡಿದ ಮೇಲೆ ಬಂತು. "ಮನಿ ಇದ್ದೋರು ಹೊರಗ್ಯಾಕ ಮಕ್ಕೋಬೇಕೋ?"

ರಾತ್ರಿ ಹತ್ತರ ಸುಮಾರಿಗೆ ಮಳೆ ಹಿಡಿಯಿತು. ಗಾಳಿಮರದ ತೋಪಿನಲ್ಲಿ ಹೂಡಿದ ಟೆಂಟಿನ ಒಂದು ಮೂಲೆ ಮೊದಲು ತೊಟ್ಟಿಕ್ಕಿತು, ಆಮೇಲೆ ನೆಲದಡಿಯಿಂದ ನೀರು ಬಂತು. ಮಕ್ಕಳಿಗೆ ಸ್ವರ್ಗ. ಕಾರು ಐವತ್ತು ಹೆಜ್ಜೆ ಆಚೆಗಿತ್ತು, ಒಣಗಿತ್ತು. ಅವ್ವ ಹೋಗಿ ಅದರೊಳಗೆ ಕೂತು ಬಾಗಿಲು ಹಾಕಿಕೊಂಡಳು. ಮಗಳು ನೆನೆದ ಚಾದರ ಹೊದ್ದು ಅವಳಿದ್ದಲ್ಲಿಗೆ ಓಡಿ, ಕಿಟಕಿಯ ಗಾಜು ತಟ್ಟಿ ಕೇಳಿದಳು: "ಆಯಿ, ಹೊಳಿ ಬಂದಾಗ ನೀವೂ ಹಿಂಗೇ ಹೊರಗ ಮಕ್ಕೊಂಡಿದ್ರಲ್ಲ, ಆವಾಗೂ ಹಿಂಗ ಮಜಾ ಬಂದಿತ್ತೇನು?"

ನನ್ನ ಹೆಂಡತಿ "ಏ, ಸುಮ್ನಿರು" ಅಂತ ಗದರಿದಳು. ಅವ್ವ ತಕ್ಷಣ ಏನೂ ಹೇಳಲಿಲ್ಲ.

2020ರ ಅಕ್ಟೋಬರ್ ನೆನಪಿರುವವರಿಗೆ ಆ ಮೌನ ತಿಳಿಯುತ್ತದೆ. ಮಹಾರಾಷ್ಟ್ರದಲ್ಲಿ ಸುರಿದ ಮಳೆಗೆ ಉಜನಿ, ವೀರ್ ಜಲಾಶಯಗಳಿಂದ ನೀರು ಬಿಟ್ಟರು. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯೂಸೆಕ್ ಹೊರಬಿತ್ತು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು, ಹೂವು ಕಾಯುವ ಹೊತ್ತಿನ ತೊಗರಿ ನಿಂತಲ್ಲೇ ಕೊಳೆಯಿತು. ಕೊರೋನಾ ಕಾಲ; ಮುಚ್ಚಿದ್ದ ಶಾಲೆಗಳೇ ಕಾಳಜಿ ಕೇಂದ್ರಗಳಾದವು. ಅವ್ವ ಮನೆ ಬಿಡುವಾಗ ಮೊಣಕಾಲಮಟ ನೀರು ಒಳಗೆ ಬಂದಿತ್ತು. ಹಾಗಿದ್ದೂ ಬಾಗಿಲಿಗೆ ಕೀಲಿ ಜಡಿದು, ಕೀಲಿಕೈ ಸೆರಗಿಗೆ ಗಂಟು ಹಾಕಿಕೊಂಡು ಟ್ರ್ಯಾಕ್ಟರ್ ಹತ್ತಿದ್ದಳು. ನೀರಿಗೆ ಕೀಲಿ ಯಾವ ಲೆಕ್ಕ? ಆದರೆ ಆ ಕೀಲಿಕೈ ಅವಳ ಸೆರಗಿನಲ್ಲಿ ಇರಬೇಕಿತ್ತು. ರಸ್ತೆಗಳು ಕಡಿದುಹೋಗಿ ನಾನು ಅವಳನ್ನು ತಲುಪಿದ್ದು ಐದನೆಯ ದಿನ. ಅಷ್ಟರೊಳಗೆ ಊರಿಗೆ ಬಿಸ್ಕಿಟು, ಚಾದರ ಹಂಚುವವರು ಬಂದುಹೋಗಿದ್ದರು. ಸೇತುವೆ ಮೇಲೆ ನಿಂತು ಹೊಳೆಯ ಫೋಟೋ ತೆಗೆಯುವವರೂ ಬಂದುಹೋಗಿದ್ದರು.

ಅವ್ವ ಆಮೇಲೆ ಕಾರಿನ ಗಾಜು ಇಳಿಸಿ ಮೊಮ್ಮಗಳಿಗೆ ಹೇಳಿದ್ದು ನಾನು ಎಣಿಸಿದ್ದಕ್ಕಿಂತ ಬೇರೆ. "ಹುಡುಗರಿಗೆ ಬಂದಿತ್ತವ್ವ ಮಜಾ. ಸಾಲಿ ತುಂಬ ಓಡ್ಯಾಡಿದ್ವು, ಎಲ್ಲಾ ಕೂಡಿ ಉಂಡ್ವು, ರಾತ್ರಿ ಎಲ್ಲಾ ಕಿಲಿಕಿಲಿ ನಗು. ದೊಡ್ಡೋರು ದಿನಾ ಎಣಸ್ತಿದ್ವಿ, ಅಷ್ಟೇ."

ಆಯ್ದುಕೊಂಡ ಕಷ್ಟ, ಬಂದೊದಗಿದ ಕಷ್ಟ ಅಂತ ನಾನು ಮನಸ್ಸಿನಲ್ಲೇ ಎಳೆದುಕೊಂಡಿದ್ದ ಗೆರೆಯನ್ನು ಅವಳು ಬೇರೆ ಕಡೆ ಎಳೆದಳು. ಕಾಳಜಿ ಕೇಂದ್ರದ ಮಕ್ಕಳೂ ಆ ನೆರೆಯನ್ನು ಆಯ್ದುಕೊಂಡವರಲ್ಲ, ಆದರೂ ಅವಕ್ಕೆ ಅದು ಹಬ್ಬ. ಹಾಗಾದರೆ ಸುಖ ಕೊಡುವುದು ಬರೀ ಆಯ್ಕೆಯಲ್ಲ. ಎಷ್ಟು ದಿನ ಅನ್ನುವ ಚಿಂತೆಯನ್ನು ಇನ್ನೊಬ್ಬರು ಹೊತ್ತಿರಬೇಕು, ಆಗ ಸೋರುವ ಸೂರೂ ಆಟವಾಗುತ್ತದೆ. ನಮ್ಮ ಟೆಂಟಿನ ಬಾಡಿಗೆ ಚೀಟಿಯಲ್ಲಿ ಎರಡು ರಾತ್ರಿ ಅಂತ ಬರೆದಿತ್ತು. ಶಾಲೆಯ ಜಗಲಿಯಲ್ಲಿ ಕೂತ ಅವ್ವನಿಗೆ ಅಂಥ ಚೀಟಿ ಇರಲಿಲ್ಲ.

ಇದನ್ನೇ ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆನೆಕಾ ಇನ್ನೊಂದು ದಿಕ್ಕಿನಿಂದ ಮುಟ್ಟಿದ್ದ. ಚಕ್ರವರ್ತಿ ನೀರೋನ ಗುರು, ಆ ಕಾಲದ ಭಾರಿ ಶ್ರೀಮಂತರಲ್ಲಿ ಒಬ್ಬ. ಗೆಳೆಯ ಲೂಸಿಲಿಯಸ್‌ಗೆ ಬರೆದ ಹದಿನೆಂಟನೆಯ ಪತ್ರದಲ್ಲಿ, ಆಗಾಗ ಕೆಲವು ದಿನ ಬಡವನ ಊಟ ಉಣ್ಣು, ಒರಟು ಬಟ್ಟೆ ತೊಡು, ನೀನು ಹೆದರುತ್ತಿದ್ದುದು ಇಷ್ಟಕ್ಕೇನಾ ಅಂತ ನಿನ್ನನ್ನೇ ಕೇಳಿಕೋ ಅನ್ನುತ್ತಾನೆ. ಒಂಥರಾ ಮಧುಕರಿಯೇ. ಆದರೆ ಅವನು ಪ್ರಾಮಾಣಿಕ. ಸಾವಿರಾರು ಗುಲಾಮರು, ಸಾವಿರಾರು ಬಡವರು ದಿನಾ ಮಾಡುವುದನ್ನೇ ನೀನು ಮಾಡುತ್ತಿರುವುದು, ಒತ್ತಾಯವಿಲ್ಲದೆ ಮಾಡಿದೆ ಅನ್ನುವುದಷ್ಟೇ ನಿನ್ನ ಹೆಚ್ಚುಗಾರಿಕೆ ಅಂತಲೂ ಸೇರಿಸುತ್ತಾನೆ.

ನನ್ನ ತಕರಾರು ಇರುವುದು ಈ ಕೊನೆಯ ಮಾತಿನ ಜೊತೆ. ಒತ್ತಾಯ ಇಲ್ಲದಿರುವುದು ಹೆಚ್ಚುಗಾರಿಕೆ ಹೇಗಾಗುತ್ತದೆ? ಅದು ಅದೃಷ್ಟ. ಹೊಳೆಯಿಂದ ದೂರ ಮನೆ ಕಟ್ಟಿಕೊಳ್ಳಲು ಸಂಬಳ ಇದ್ದದ್ದು, ಮನೆ ಮುಂದೆ ಕಾರು ನಿಂತದ್ದು ಅದೃಷ್ಟ. ಸೆನೆಕಾನ ಅಭ್ಯಾಸ ಅವನ ಸ್ವಂತ ಭಯಕ್ಕೆ ಒಳ್ಳೆಯ ಔಷಧಿಯಾಗಿರಬಹುದು, ಅದನ್ನು ಒಪ್ಪುತ್ತೇನೆ. ಬಡತನ ಅಂದರೆ ಏನೆಂದು ಅದು ಅವನಿಗೆ ಕಲಿಸಲಾರದು. ಬಡತನದ ಮುಖ್ಯ ಭಾಗ ಒರಟು ರೊಟ್ಟಿಯಲ್ಲ, ನಾಳೆಯೂ ಇದೇನಾ ಅನ್ನುವ ಪ್ರಶ್ನೆ. ಆ ಪ್ರಶ್ನೆಯನ್ನು ಮಾತ್ರ ಯಾರೂ ಅಭ್ಯಾಸಕ್ಕೆ ಅಂತ ತಂದುಕೊಳ್ಳಲಾರರು.

ಹಾಗಂತ ನನ್ನ ಸಹೋದ್ಯೋಗಿಯೊಬ್ಬರು ವಾದಿಸುವ ಹಾಗೆ ಟೆಂಟ್ ಹೂಡುವುದೇ ಬಡವರ ಅಣಕ ಅಂದರೂ ನನಗೆ ಒಪ್ಪಿಗೆಯಿಲ್ಲ. ನೀಲಿ ತಾಡಪತ್ರಿಯ ಕೆಳಗೆ ಮಲಗುವವರನ್ನು ಅವರು ಪಟ್ಟಿ ಮಾಡುತ್ತಾರೆ: ಆಳಂದ, ಜೇವರ್ಗಿಗಳಿಂದ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗಿ ಕಟ್ಟುವ ಕಟ್ಟಡದ ಬಗಲಲ್ಲೇ ಶೆಡ್ಡು ಹಾಕಿಕೊಂಡವರು, ಮಕ್ಕಳುಮರಿ ಸಮೇತ ಗದ್ದೆಯಂಚಿಗೆ ಗುಡಿಸಲು ಹಾಕಿ ಕಬ್ಬು ಕಡಿಯುವ ಗ್ಯಾಂಗಿನವರು. ಅವರೆದುರು ನೀವು ಟೆಂಟಿನಲ್ಲಿ ಆಡುತ್ತೀರಿ ಅನ್ನುತ್ತಾರೆ. ಮಾತಿಗೆ ತೂಕವಿದೆ. ಆದರೆ ನಾಚಿಕೆ ಪಡಬೇಕಾದದ್ದು ಗ್ಯಾಂಗಿನವರಿಗೆ ಗುಡಿಸಲೇ ಗತಿ ಅನ್ನುವುದಕ್ಕೆ. ಮಗು ಮಳೆಯಲ್ಲಿ ನಕ್ಕಿತು ಅನ್ನುವುದಕ್ಕಲ್ಲ. ನಾನು ಟೆಂಟ್ ಮಡಚಿಟ್ಟರೆ ಅವರ ಗುಡಿಸಲು ಸೋರುವುದು ನಿಲ್ಲುವುದಿಲ್ಲ. ಹೊರಗೆ ಉಣ್ಣುವ ಸುಖವನ್ನು ನಾವೇನು ಪೇಟೆಯಿಂದ ಕಲಿತವರೂ ಅಲ್ಲ. ಎಳ್ಳಮಾವಾಸ್ಯೆಗೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ, ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಉಂಡು, ಹೊಲವಿಲ್ಲದವರನ್ನೂ ಕರೆದು ಕೂರಿಸಿಕೊಳ್ಳುತ್ತದೆ. ಅದನ್ನು ಅಣಕ ಅಂದವರನ್ನು ನಾನು ಕಂಡಿಲ್ಲ. ಇನ್ನು ಕುರಿಗಾರರು ಇದ್ದಾರೆ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿ, ಕಂಬಳಿ ಹೊದ್ದು ಮಳೆಯಲ್ಲೇ ರಾತ್ರಿ ಕಳೆಯುತ್ತಾರೆ. ಅವರಿಗದು ರಜೆಯೂ ಅಲ್ಲ, ಆಪತ್ತೂ ಅಲ್ಲ, ಕಸುಬು. ಅಯ್ಯೋ ಪಾಪ ಅಂದರೆ ಅವರು ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಕೆಡುಕು ಶುರುವಾಗುವುದು ಆಟ ತಾನು ಅನುಭವ ಅಂತ ಹೇಳಿಕೊಳ್ಳುವಾಗ. ಎರಡು ರಾತ್ರಿ ನೆನೆದು ಬಂದು, ನೆರೆಯವರ ಪಾಡು ನಮಗೂ ಗೊತ್ತು ಅನ್ನುವಾಗ. ಒಂದು ದಿನ ಬೇಡಿ, ಹಸಿವು ಅಂದರೆ ಮನಸ್ಸಿನದೇ ಆಟ ಅಂತ ಉಪದೇಶಿಸುವಾಗ. ಇಂಥವರು ಆಮೇಲೆ ಪರಿಹಾರದ ಸಾಲಿನಲ್ಲಿ ನಿಂತವರ ತಾಳ್ಮೆಗೂ ಅಂಕ ಕೊಡತೊಡಗುತ್ತಾರೆ. ಥೋರೋ 1845ರಲ್ಲಿ ವಾಲ್ಡನ್ ಕೊಳದ ದಂಡೆಯಲ್ಲಿ ಗುಡಿಸಲು ಕಟ್ಟಿದಾಗ ಜಾಗ ಗೆಳೆಯ ಎಮರ್ಸನ್‌ನದು, ತಾಯಿಯ ಮನೆ ನಡೆದು ಹೋಗುವಷ್ಟು ಹತ್ತಿರ. ಅದಕ್ಕಾಗಿ ಅವನನ್ನು ಗೇಲಿ ಮಾಡುವವರು ಬಹಳ. ನನಗೆ ಅದು ಅಗ್ಗದ ಗೇಲಿ ಅನ್ನಿಸುತ್ತದೆ, ಏಕೆಂದರೆ ಅವನು ಬರೆದದ್ದು ತನಗೆ ಎಷ್ಟು ಸಾಕು ಅನ್ನುವುದರ ಲೆಕ್ಕ. ಬೇರೆಯವರಿಗೆ ಏನಿಲ್ಲ ಅನ್ನುವುದರ ಲೆಕ್ಕವಲ್ಲ. ಅವನಿಗೆ ಉಪದೇಶದ ಚಟ ಇತ್ತು, ಅದು ಬೇರೆ ಮಾತು.

ಈ ವಾದವನ್ನು ಇಲ್ಲಿಗೆ ಮುಗಿಸಬಹುದಿತ್ತು, ಅವ್ವ ಬಿಡಲಿಲ್ಲ. ಆಯ್ಕೆ ಇರುವುದು ಉಳ್ಳವರಿಗೆ, ಇಲ್ಲದವರಿಗೆ ಒತ್ತಾಯ ಮಾತ್ರ ಅಂತ ನಾನು ಇಷ್ಟುದ್ದ ಲೆಕ್ಕ ಹಾಕುತ್ತಿದ್ದೇನಷ್ಟೆ. 2020ರಲ್ಲಿ ನೀರು ಇಳಿದ ಮೇಲೆ, ಕಲಬುರಗಿಯ ನನ್ನ ಮನೆಯಲ್ಲಿ ಅವಳಿಗಾಗಿ ಒಂದು ಖೋಲಿ ಖಾಲಿ ಮಾಡಿಸಿದ್ದೆ. ಹದಿನಾಲ್ಕು ದಿನ ಇದ್ದಳು. ಹದಿನೈದನೆಯ ದಿನ ಊರಿಗೆ ಹೊರಟಳು. ಗೋಡೆಯಲ್ಲಿ ಎದೆಮಟ್ಟಕ್ಕೆ ಕೆಸರಿನ ಗೆರೆ ಇತ್ತು, ಕಣಜದ ಜೋಳ ಮೊಳಕೆ ಬಂದು ನಾರುತ್ತಿತ್ತು. ಮತ್ತೆ ಹೊಳೆ ಬರಬಹುದು ಅಂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅವಳನ್ನು ಅಲ್ಲಿಗೆ ಯಾರೂ ದೂಡಲಿಲ್ಲ. ಅಂದರೆ ಅವಳೂ ಮಳೆಯನ್ನು ಆಯ್ದುಕೊಂಡವಳೇ. ನಮ್ಮ ಹಾಗೆ ಎರಡು ರಾತ್ರಿಗಲ್ಲ, ಚೀಟಿ ಇಲ್ಲದೆ. ಇದನ್ನು ಯಾವ ಸಾಲಿನಲ್ಲಿ ನಿಲ್ಲಿಸಲಿ? ಹಟ ಅನ್ನಬಹುದು, ರೂಢಿ ಅನ್ನಬಹುದು. ಹೆಂಡತಿ ಹೇಳುವುದು ಇನ್ನೊಂದು: "ನಿಮ್ಮ ಮನ್ಯಾಗ ಅವರಿಗೊಂದು ಖೋಲಿ ಕೊಟ್ರಿ, ಕೀಲಿಕೈ ಕೊಟ್ರೇನು?" ನಮ್ಮ ಮನೆಯ ಎರಡು ಕೀಲಿಕೈಗಳಲ್ಲಿ ಒಂದು ನನ್ನ ಹತ್ತಿರ ಇರುತ್ತದೆ, ಇನ್ನೊಂದು ಅವಳ ಹತ್ತಿರ. ಮೂರನೆಯದನ್ನು ಆಮೇಲೆ ಮಾಡಿಸಿಟ್ಟೆವು.

ಈಗ ಪ್ರತಿ ಮಳೆಗಾಲ ಉಜನಿಯಿಂದ ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಊರಿಗೆ ಫೋನ್ ಮಾಡಿ, ಬಂದುಬಿಡು ಅನ್ನುತ್ತೇನೆ.

"ಎಷ್ಟು ದಿನಕ್ಕ?" ಅನ್ನುತ್ತಾಳೆ ಅವ್ವ. ನಾನು ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ಅವಳು ತೊಗರಿಯ ಸುದ್ದಿಗೆ ಹೋಗಿರುತ್ತಾಳೆ.