ಕಾಣದ ನೋವೂ ಬಣ್ಣದ ಉಪನೇತ್ರವೂ

ಬೆಳಕು ಸರ್ವರಿಗೂ ಹಿತವಾದುದೆಂಬುದು ನಾವು ವಿಚಾರಿಸದೆಯೇ ಒಪ್ಪಿಕೊಂಡಿರುವ ಮಾತುಗಳಲ್ಲೊಂದು. ಜ್ಞಾನವನ್ನು ಬೆಳಕೆನ್ನುತ್ತೇವೆ, ಅಜ್ಞಾನವನ್ನು ಕತ್ತಲೆನ್ನುತ್ತೇವೆ. ಕುಲಕ್ಕೆ ಹೆಸರು ತಂದ ಮಗನನ್ನು ಕುಲದೀಪಕನೆನ್ನುತ್ತೇವೆ. ಹೀಗಿರಲು, ಬೆಳಕೇ ಶೂಲದಂತೆ ಇರಿಯುವ ಜನರೂ ನಮ್ಮ ನಡುವೆ ಇರುವರೆಂದರೆ ಕೆಲವರಿಗೆ ಅದು ವಿಪರೀತವಾಗಿ ತೋರಬಹುದು. ಆದರೆ ಇರುವುದು ನಿಜ. ತಲೆಗೆ ಪೆಟ್ಟು ಬಿದ್ದು ಬದುಕಿಕೊಂಡವರಲ್ಲಿ ಅನೇಕರಿಗೆ ಕೆಲವು ವಾರಗಳ ಕಾಲ, ಕೆಲವರಿಗೆ ತಿಂಗಳುಗಳ ಕಾಲ, ಮತ್ತೆ ಕೆಲವರಿಗೆ ವರ್ಷಗಳ ಕಾಲ ಬೆಳಕನ್ನು ಸಹಿಸುವುದು ಕಷ್ಟವಾಗುವುದು. ವೈದ್ಯರು ಇದನ್ನು ಫೋಟೋಫೋಬಿಯಾ ಎನ್ನುವರು. ಬೆಳಕಿನ ಭಯವೆಂದು ಈ ಪದದ ಅರ್ಥ. ಆದರೆ ಇದು ಭಯವಲ್ಲ, ವೇದನೆ.

ಈ ವೇದನೆಯ ವಿಶೇಷವೇನೆಂದರೆ, ಇದಕ್ಕೆ ಹೊರಗಿನ ಗುರುತಿಲ್ಲ. ಪೆಟ್ಟು ಲಘುವಾಗಿದ್ದರೆ ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣದಿರುವುದೇ ಹೆಚ್ಚು. ಕಣ್ಣನ್ನು ಪರೀಕ್ಷಿಸಿದರೆ ಕಣ್ಣು ಸರಿಯಾಗಿಯೇ ಇರಬಹುದು. ಆದರೂ ಮನುಷ್ಯನು ಹಗಲು ಹೊತ್ತಿನಲ್ಲಿ ಕಿಟಕಿ ಮುಚ್ಚಿ ಕುಳಿತಿರುವನು. ಹೊರಗೆ ಹೊರಟರೆ ಬಣ್ಣದ ಕನ್ನಡಕವನ್ನು ಧರಿಸಿರುವನು. ನಮ್ಮ ಕಡೆಯ ಜನ ಅದನ್ನು ಕೂಲಿಂಗ್ ಗ್ಲಾಸ್ ಎಂದು ಕರೆದು, ಮೂರರಲ್ಲೊಂದು ಅರ್ಥ ಮಾಡಿಕೊಳ್ಳುವರು: ಒಂದು, ಪೊರೆಯ ಶಸ್ತ್ರಚಿಕಿತ್ಸೆಯಾಗಿರಬೇಕು, ಎರಡು, ಮದ್ರಾಸ್ ಐ ಬಂದಿರಬೇಕು, ಮೂರು, ಶೋಕಿ. ಮೊದಲನೆಯದಕ್ಕೆ ಕನಿಕರ ದೊರೆಯುವುದು, ಎರಡನೆಯದಕ್ಕೆ ಜನ ದೂರ ಸರಿಯುವರು, ಮೂರನೆಯದಕ್ಕೆ ನಗುವರು. ನಾಲ್ಕನೆಯ ಕಾರಣವೊಂದು ಇರಬಹುದೆಂದು ಯಾರಿಗೂ ತೋರುವುದಿಲ್ಲ.

ನನ್ನಲ್ಲಿ ಓದಿದ್ದ ಒಬ್ಬನು ಹರಿಹರದವನು. ದಾವಣಗೆರೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕಿದ್ದನು. ಎರಡೂರಿಗೂ ನಡುವೆ ಇರುವುದು ಸುಮಾರು 14 ಕಿಲೋಮೀಟರು. ದಿನವೂ ಬೈಕಿನಲ್ಲಿ ಹೋಗಿಬರುತ್ತಿದ್ದವನು ಒಂದು ಸಂಜೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡನು. ಮೂರು ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಬಂದನು, ಗಾಯ ಮಾಯಿತು. ಆಮೇಲೆ ತೊಡಗಿತು ಈ ತೊಂದರೆ. ಬಸ್ಸಿನ ಕಿಟಕಿಯಲ್ಲಿ ಮರಗಳ ನಡುವಿಂದ ಬಿಸಿಲು ಮಿನುಗಿ ಮಿನುಗಿ ಬಂದರೆ ವಾಂತಿ ಬರುವಂತಾಗುವುದು; ತುಂಗಭದ್ರೆಯ ನೀರಿನ ಹೊಳಪನ್ನು ಸೇತುವೆಯ ಮೇಲಿಂದ ನೋಡಲಾಗದು; ಕಚೇರಿಯ ದೀಪದಡಿಯಲ್ಲಿ ಒಂದು ಗಂಟೆ ಕುಳಿತರೆ ತಲೆ ಸಿಡಿಯುವುದು. ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಹೋದರೆ, ದೊಡ್ಡವರೆದುರು ಇದೇನು ಮರ್ಯಾದೆಯೆಂದು ಕೇಳಿ ತೆಗೆಸಿದರು. ಮನೆಯಲ್ಲಿ ಹಿರಿಯರು ಸೋಮಾರಿತನವೆಂದರು. ಅವನು ನನ್ನೊಡನೆ ಹೇಳಿದ ಮಾತಿದು: “ಮೇಷ್ಟ್ರೆ, ಕಾಲು ಮುರಿದಿದ್ದರೆ ಚೆನ್ನಾಗಿತ್ತು. ಕಟ್ಟು ನೋಡಿಯಾದರೂ ನಂಬುತ್ತಿದ್ದರು.”

ಇಲ್ಲಿ ಒಂದು ಧರ್ಮವಿಚಾರವಿದೆ. ಮತ್ತೊಬ್ಬನ ನೋವು ನಮಗೆ ಕಾಣದಿದ್ದಾಗ, ಅವನ ಮಾತನ್ನು ಮಾತ್ರ ನೆಚ್ಚಿ ನಂಬಬೇಕೆ, ಅಥವಾ ಸಾಕ್ಷ್ಯವನ್ನು ಕೇಳುವುದು ನ್ಯಾಯವೆ?

ನಮ್ಮ ನೈಯಾಯಿಕರು ಪ್ರಮಾಣಗಳನ್ನು ನಾಲ್ಕೆಂದು ಎಣಿಸಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಸುಖದುಃಖಗಳು ಆತ್ಮದ ಗುಣಗಳು. ಅವು ಅವರವರ ಮನಸ್ಸಿಗೆ ಮಾತ್ರ ಪ್ರತ್ಯಕ್ಷವೆಂಬುದು ಅವರ ಮತ. ಪರರ ದುಃಖ ನಮಗೆ ಎಂದಿಗೂ ಪ್ರತ್ಯಕ್ಷವಾಗದು. ಕಣ್ಣೀರು, ಗಾಯ, ನರಳಾಟ ಇವುಗಳಿಂದ ಅದನ್ನು ಊಹಿಸಬಹುದು. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿದಂತೆ ಅದು ಅನುಮಾನ. ಗುರುತೇ ಇಲ್ಲದೆಡೆ ಉಳಿಯುವುದು ಶಬ್ದವೊಂದೇ, ಎಂದರೆ ನೊಂದವನ ಮಾತು. ಆದುದರಿಂದ ಇಲ್ಲಿ ಮಾತನ್ನು ನಂಬುವುದು ಪ್ರಮಾಣವನ್ನು ಬಿಟ್ಟು ನಡೆದಂತಲ್ಲ. ಆ ಎಡೆಯಲ್ಲಿ ಇರುವ ಒಂದೇ ಪ್ರಮಾಣವನ್ನು ಗೌರವಿಸಿದಂತೆ.

“ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲವಲ್ಲ?” ಎಂದು ಕೇಳುವವರಿಗೆ ಶಾಸ್ತ್ರದಲ್ಲಿ ಉತ್ತರವಿದೆ. ಕಾಣದಿರುವುದರಿಂದ ಇಲ್ಲವೆಂದು ಹೇಳಬೇಕಾದರೆ, ಆ ವಸ್ತು ಇದ್ದಿದ್ದರೆ ಕಾಣತಕ್ಕುದಾಗಿರಬೇಕು. ಇದನ್ನೇ ಯೋಗ್ಯಾನುಪಲಬ್ಧಿಯೆನ್ನುವರು. ಬೆಳಗಿದ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆನ್ನಬಹುದು. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ಸಿ.ಟಿ. ಯಂತ್ರವು ರಕ್ತಸ್ರಾವವನ್ನೂ ಮೂಳೆಯ ಬಿರುಕನ್ನೂ ಹುಡುಕುವ ಸಾಧನ. ನೋವನ್ನು ತೋರಿಸುವ ಯೋಗ್ಯತೆ ಅದಕ್ಕಿಲ್ಲ. ಅದು ತೋರಿಸದುದರಿಂದ ನೋವಿಲ್ಲವೆನ್ನುವುದು, ತಕ್ಕಡಿಯಲ್ಲಿ ತೂಗದೆಂದು ಹಾಡನ್ನು ಸುಳ್ಳೆಂದಂತೆ.

ಇತ್ತೀಚಿನ ವಿಜ್ಞಾನವೂ ನೊಂದವರ ಪಕ್ಷಕ್ಕೇ ಬಂದಿರುವುದು. ರೂಪವನ್ನು ತೋರಿಸುವ ಕೋಶಗಳಲ್ಲದೆ, ಬೆಳಕಿನ ಇರವನ್ನು ಮಾತ್ರ ಮಿದುಳಿಗೆ ತಿಳಿಸುವ ಬೇರೊಂದು ಬಗೆಯ ಕೋಶಗಳು ಕಣ್ಣಿನಲ್ಲಿರುವುದು 2002ರಲ್ಲಿ ಸ್ಥಿರಪಟ್ಟಿತು. ಮೆಲನಾಪ್ಸಿನ್ ಎಂಬ ದ್ರವ್ಯವುಳ್ಳ ಈ ಕೋಶಗಳು ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಬಹಳವಾಗಿ ಸ್ಪಂದಿಸುವುವು. 2010ರಲ್ಲಿ ಬಾಸ್ಟನ್ನಿನ ಸಂಶೋಧಕರು ಅರೆತಲೆನೋವಿನಿಂದ ಬಳಲುವ 20 ಮಂದಿ ಅಂಧರನ್ನು ಪರೀಕ್ಷಿಸಿದರು. ಬೆಳಕಿನ ಅರಿವೇ ಇಲ್ಲದ 6 ಮಂದಿಗೆ ಬೆಳಕಿನಿಂದ ನೋವು ಹೆಚ್ಚಲಿಲ್ಲ. ರೂಪ ಕಾಣದಿದ್ದರೂ ಬೆಳಕು ಇದೆಯೆಂದು ಮಾತ್ರ ಅರಿಯಬಲ್ಲ 14 ಮಂದಿಗೆ ಹೆಚ್ಚಿತು. ಮಿದುಳಿನ ಹೊದಿಕೆಯಿಂದ ಬರುವ ನೋವಿನ ವಾರ್ತೆಯೂ ಕಣ್ಣಿನಿಂದ ಬರುವ ಬೆಳಕಿನ ವಾರ್ತೆಯೂ ಥಾಲಮಸ್ ಎಂಬ ಭಾಗದ ಕೆಲವು ನರಕೋಶಗಳಲ್ಲಿ ಒಂದುಗೂಡುವುದನ್ನು ಅವರು ಇಲಿಗಳಲ್ಲಿ ಕಂಡರು. ತಲೆಗೆ ಪೆಟ್ಟಾದವರ ವ್ಯಥೆಯೂ ಅರೆತಲೆನೋವಿನ ವ್ಯಥೆಯೂ ಒಂದೇ ಅಲ್ಲದಿದ್ದರೂ ಬಂಧುಗಳೆಂದು ವೈದ್ಯರು ಎಣಿಸುವರು. ವಾಚಕರು ಇಲ್ಲಿ ಒಂದನ್ನು ಗಮನಿಸಬೇಕು. 2002ಕ್ಕೆ ಹಿಂದೆಯೂ ಈ ನೋವು ಇದ್ದಿತು. ನೊಂದವರು ಸತ್ಯವನ್ನೇ ನುಡಿಯುತ್ತಿದ್ದರು. ಅವರ ಮಾತು ಮೊದಲೇ ನಿಜವಾಗಿದ್ದಿತು. ನಮ್ಮ ತಿಳಿವಳಿಕೆ ತಡವಾಗಿ ಬಂದಿತು.

ಇನ್ನು ಉಪನೇತ್ರದ ಮಾತು. ನಮ್ಮ ಶಾಸ್ತ್ರಗಳಲ್ಲಿ ಭ್ರಮೆಗೆ ಕೊಡುವ ಪ್ರಸಿದ್ಧ ದೃಷ್ಟಾಂತ ಹಳದಿ ಶಂಖದ್ದು: ಕಾಮಾಲೆಯವನಿಗೆ ಬಿಳಿಯ ಶಂಖವೂ ಹಳದಿಯಾಗಿ ಕಾಣುವುದು. ಬಣ್ಣದ ಮೂಲಕ ನೋಡುವುದು ಸತ್ಯವನ್ನು ಮರೆಸುವುದೆಂಬ ಭಾವನೆ ಇದರಿಂದ ನಮ್ಮಲ್ಲಿ ಬೇರೂರಿರುವುದು. ಆದರೆ ಬಿಳಿಯ ಬೆಳಕಿನಲ್ಲಿ ಕಣ್ಣನ್ನೇ ತೆರೆಯಲಾಗದವನಿಗೆ ಬಿಳಿಯ ಶಂಖವೂ ಇಲ್ಲ, ಹಳದಿಯ ಶಂಖವೂ ಇಲ್ಲ. ಬಣ್ಣದ ಗಾಜು ಅವನಿಗೆ ಶಂಖವನ್ನು ಮರಳಿ ಕೊಡುವುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಅರೆತಲೆನೋವಿನ ಮಕ್ಕಳಿಗೆ ಎಫ್‌ಎಲ್-41 ಎಂಬ ಗುಲಾಬಿ ಬಣ್ಣದ ಗಾಜನ್ನು ಕೊಟ್ಟು ನೋಡಿದರು. ಈ ಗಾಜು ನೀಲಿ ಹಸಿರಿನ ಪಾಲನ್ನು ಹೆಚ್ಚಾಗಿ ತಡೆಯುವುದು. ತಿಂಗಳಿಗೆ ಸರಾಸರಿ 6.2 ಬಾರಿ ಬರುತ್ತಿದ್ದ ನೋವು 1.6ಕ್ಕೆ ಇಳಿಯಿತೆಂದು 1991ರಲ್ಲಿ ಪ್ರಕಟಿಸಿದರು. ಅಮೆರಿಕದ ಸಿನ್ಸಿನಾಟಿಯಿಂದ 2017ರಲ್ಲಿ ಬಂದ ವರದಿಯಲ್ಲಿ, ತಲೆಗೆ ಪೆಟ್ಟಾಗಿ ಬೆಳಕನ್ನು ಸಹಿಸದೆ ಇದ್ದ 39 ಮಂದಿಯ ಪೈಕಿ 33 ಮಂದಿ ಒಂದಲ್ಲ ಒಂದು ಬಣ್ಣದಿಂದ ಉಪಶಮನ ಹೊಂದಿದರು. ಎಲ್ಲರಿಗೂ ಒಂದೇ ಬಣ್ಣ ಹಿತವಾಗಲಿಲ್ಲ. ಇವು ಚಿಕ್ಕ ಪರೀಕ್ಷೆಗಳು. ಇವೇ ಕೊನೆಯ ಮಾತಲ್ಲ. ಆದರೂ ಒಂದಂತು ಸ್ಪಷ್ಟ: ಯಾವ ಬಣ್ಣ ಹಿತವೆಂದು ಹೇಳಬೇಕಾದವನು ಧರಿಸುವವನೇ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಹೀಗೆ ಮಾತನ್ನೇ ನಂಬಿದರೆ ಸುಳ್ಳುಗಾರರು ಅದನ್ನು ಬಳಸಿಕೊಳ್ಳರೆ? ಬಳಸಿಕೊಳ್ಳಬಹುದು. ಆದರೆ ಎರಡು ತಪ್ಪುಗಳನ್ನು ತೂಗಿ ನೋಡೋಣ. ಸುಳ್ಳುಗಾರನನ್ನು ನಂಬಿದರೆ ಹೋಗುವುದು ನಾಲ್ಕು ದಿನದ ಕೆಲಸ, ಕಿಟಕಿಯ ಪಕ್ಕದಿಂದ ಸರಿಸಿದ ಒಂದು ಕುರ್ಚಿ. ಸತ್ಯವಂತನನ್ನು ನಂಬದಿದ್ದರೆ ಅವನು ನೋವಿನ ಮೇಲೆ ಅವಮಾನವನ್ನೂ ಹೊರುವನು. ಕಡೆಗೆ ತನ್ನ ಅನುಭವವನ್ನೇ ತಾನು ಸಂಶಯಿಸುವನು. ಮೊದಲನೆಯ ನಷ್ಟವನ್ನು ತುಂಬಿಕೊಳ್ಳಬಹುದು. ಎರಡನೆಯದನ್ನು ಯಾರು ತುಂಬಿಕೊಟ್ಟಾರು? ಮೇಲಾಗಿ, ಬಿಸಿಲಿಗೆ ಹೆದರಿದಂತೆ ನಟಿಸಿ ತಿಂಗಳುಗಟ್ಟಲೆ ಕತ್ತಲಲ್ಲಿ ಕೂರುವುದು ಲಾಭದ ವ್ಯಾಪಾರವೂ ಅಲ್ಲ.

ಆದರೆ ನಂಬುವುದೆಂದರೆ ನೊಂದವನನ್ನು ಕತ್ತಲಲ್ಲೇ ಬಿಟ್ಟುಬಿಡುವುದೆಂದಲ್ಲ. ಮನೆಯೊಳಗೂ ಕಪ್ಪು ಕನ್ನಡಕವನ್ನು ಸದಾ ಧರಿಸಿದರೆ ಕಣ್ಣು ಕತ್ತಲಿಗೆ ಒಗ್ಗಿ, ಅಸಹನೆ ಇನ್ನೂ ಹೆಚ್ಚುವುದೆಂದು ವೈದ್ಯರು ಎಚ್ಚರಿಸುವರು. ಆದುದರಿಂದಲೇ ಕಪ್ಪಿಗಿಂತ ತಿಳಿಬಣ್ಣ ಮೇಲು. ಸ್ವಸ್ಥನಾಗುತ್ತ ಬಂದಂತೆ ಅದನ್ನೂ ಮೆಲ್ಲಮೆಲ್ಲನೆ ಬಿಡುವುದು ಮೇಲು. ಅಳತೆಯರಿತ ಬೆಳಕು ಹೇಗಿರುವುದೆಂದು ತಿಳಿಯಬೇಕಾದರೆ ನಾವು ದೂರ ಹೋಗಬೇಕಿಲ್ಲ. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವನ್ನು ಹೊಕ್ಕು ನೋಡಿರಿ. ಹೊರಗೆ ಸುಡುಬಿಸಿಲು, ಕಂಬಗಳ ತೆರೆದ ಮಂಟಪದಲ್ಲಿ ನೆರಳು ಬೆರೆತ ಬೆಳಕು, ನವರಂಗದಲ್ಲಿ ಇನ್ನೂ ಮಂದ, ಗರ್ಭಗೃಹದಲ್ಲಿ ದೀಪದ ಬೆಳಕು. ಹೊರಬರುವಾಗಲೂ ಅದೇ ಮೆಟ್ಟಿಲು. ಗಾಯಗೊಂಡ ಮಿದುಳಿಗೆ ಬೇಕಾಗಿರುವುದೂ ಇಂಥ ದಾರಿಯೇ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಹೆಸರಿಸಿರುವುದು. ಬೆಳಕಿನ ಅಸಹನೆಯ ಹೆಸರು ಅಲ್ಲಿಲ್ಲ. ಹೆಸರಿಲ್ಲದ ಕಷ್ಟಕ್ಕೆ ಆಸರೆ ನೆರೆಯವರ ನಡತೆಯೊಂದೇ. ಅದು ಬಹಳ ದುಬಾರಿಯಾದುದಲ್ಲ. ಕನ್ನಡಕ ಧರಿಸಿ ಬಂದವನನ್ನು ತೆಗೆಯೆನ್ನದಿರುವುದು. ಮದುವೆಯ ಮನೆಯಲ್ಲಿ ವಿಡಿಯೋದವನ ದೀಪವನ್ನು ಅವನ ಮುಖಕ್ಕೆ ಹಿಡಿಯಗೊಡದಿರುವುದು. ರಾತ್ರಿಯಲ್ಲಿ ಎದುರಿಗೆ ವಾಹನ ಬಂದಾಗ ದೀಪವನ್ನು ತಗ್ಗಿಸುವುದು. ಬೈಕು ಹತ್ತುವ ಮಗನ ತಲೆಯ ಮೇಲೆ, ಹ್ಯಾಂಡಲಿನ ಮೇಲಲ್ಲ, ಹೆಲ್ಮೆಟ್ಟು ಇರುವಂತೆ ನೋಡಿಕೊಳ್ಳುವುದು. ಇವು ಸಣ್ಣ ಸಂಗತಿಗಳು. ಇವನ್ನು ಮಾಡಲು ಯಾರ ನೋವೂ ನಮಗೆ ಕಣ್ಣಾರೆ ಕಾಣಬೇಕಾಗಿಲ್ಲ. ಬೆಳಕು ಚುಚ್ಚುವುದೆಂದು ಒಬ್ಬನು ಹೇಳಿದಾಗ ನಾವು ಮೊದಲು ಮಾಡಬೇಕಾದುದು ಅವನ ಕಣ್ಣನ್ನು ಪರೀಕ್ಷಿಸುವುದಲ್ಲ, ಎದ್ದು ಹೋಗಿ ಕಿಟಕಿಯ ಪರದೆಯನ್ನು ಎಳೆಯುವುದು.