ಎತ್ತಿನ ಸೋಮವಾರ

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಹದ ತಪ್ಪಿಹೋಗುತ್ತಿದ್ದರೂ ಹಿರಿಯರು ಕೂರಿಗೆ ಹೂಡಗೊಡುತ್ತಿರಲಿಲ್ಲ. ಮೂಕ ಪಶು ರಜೆ ಕೇಳಿದ್ದಲ್ಲ, ಕೇಳದೆಯೇ ಕೊಟ್ಟರು.

ಮಾತು ಬಲ್ಲವರ ಪಾಡು ಬೇರೆ. ದೀಪಾವಳಿ ಕಳೆದರೆ ಜಳಕೋಟ, ಉದಗೀರ ಸೀಮೆಯ ತಾಂಡಾಗಳಿಂದ ಕಬ್ಬು ಕಡಿಯುವವರು ಗಂಟುಮೂಟೆ ಕಟ್ಟುತ್ತಾರೆ. ಕೆಲವರು ಪಶ್ಚಿಮ ಮಹಾರಾಷ್ಟ್ರಕ್ಕೆ, ಕೆಲವರು ಬೆಳಗಾವಿ, ಬಾಗಲಕೋಟೆಯತ್ತ. ಗಂಡ ಹೆಂಡತಿ ಸೇರಿ ‘ಒಂದು ಕೊಯ್ತಾ’. ಜೀವ ಎರಡು, ಲೆಕ್ಕಕ್ಕೆ ಕುಡುಗೋಲು ಒಂದೇ! ಕೂಲಿಯವರನ್ನು ಗೊತ್ತುಮಾಡುವ ಮುಕಾದಮ ಮುಂಗಡ ಕೊಟ್ಟ ‘ಉಚಲ್’ ತೀರುವತನಕ ಕಡಿಯಬೇಕು. ಜ್ವರಕ್ಕೋ ಮುಟ್ಟಿನ ನೋವಿಗೋ ಒಂದು ದಿನ ಮಲಗಿದರೆ ಅದು ‘ಖಾಡಾ’: ಕೂಲಿ ಇಲ್ಲ, ಮೇಲೆ ದಂಡ. 2024ರ ಜನವರಿಯ ಒಪ್ಪಂದದಿಂದ ಮಹಾರಾಷ್ಟ್ರದಲ್ಲಿ ಟನ್ನಿನ ದರ 273ರಿಂದ 366 ರೂಪಾಯಿಗೆ ಏರಿತು. ದಿನಕ್ಕೆ ಎರಡು ಟನ್ ಕಡಿದರೆ 732. ಕಡಿದು, ರವದಿ ಸವರಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿ ತುಂಬಿದ ಇಬ್ಬರ ದಿನಗೂಲಿ ಇದು.

ಅದೇ ಕಬ್ಬು ಕಾರ್ಖಾನೆಯ ಗೇಟು ದಾಟಿದೊಡನೆ ಕಾನೂನು ಎಚ್ಚರಾಗುತ್ತದೆ. ಐದು ಗಂಟೆ ದುಡಿದವನಿಗೆ ಅರ್ಧ ಗಂಟೆ ವಿರಾಮ, ವಾರಕ್ಕೊಂದು ರಜೆ, ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ ಎಂದು 1948ರ ಕಾರ್ಖಾನೆ ಕಾಯ್ದೆಯೇ ಬರೆದಿಟ್ಟಿತು. ಕಾರ್ಮಿಕ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಯ ಗಿರಣಿ ಕೂಲಿಗಳಿಗೆ ಭಾನುವಾರದ ಬಿಡುವು ಗಳಿಸಿಕೊಟ್ಟದ್ದು 1890ರಲ್ಲಿ. ಕಬ್ಬಿನ ಗದ್ದೆಗೆ ಆ ಭಾನುವಾರ ಇನ್ನೂ ಬಂದಿಲ್ಲ.

ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ 82 ಸಾವಿರಕ್ಕೂ ಹೆಚ್ಚು ಹೆಂಗಸರನ್ನು 2019ರಲ್ಲಿ ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆಸಿದ್ದು ಕಂಡಿತು. ಕಾರಣಗಳು ಹಲವು ಇರಬಹುದು. ಆದರೆ ಖಾಡಾದ ಭಯ ಅವುಗಳಲ್ಲಿ ಒಂದು ಎಂಬುದನ್ನು ಆ ಹೆಂಗಸರೇ ಹೇಳಿದ್ದಾರೆ. ಮುಟ್ಟಾದರೆ ತಾನೇ ರಜೆ? ನನಗೆ ಇದಕ್ಕಿಂತ ದೊಡ್ಡ ದಂಡ ಗೊತ್ತಿಲ್ಲ.

ಈ ಸೀಮೆಯ ಉಮರ್ಗಾದಿಂದ ಶರಣರ ಕಲ್ಯಾಣ ದೂರವೇನಲ್ಲ. ಕಾಯಕದ ಮಹಿಮೆ ಹೇಳಿ ಆಳುಗಳನ್ನು ದುಡಿಸುವವರು ಅಲ್ಲಿಯ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅರ್ಧಕ್ಕೇ ಬಿಡುತ್ತಾರೆ. ಅಕ್ಕಿ ಆಯುವ ಕಾಯಕದ ಗಂಡ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮ್ಮದಲ್ಲ, ಹಿಂದಕ್ಕೆ ಸುರಿದು ಬಾ ಎಂದವಳು ಆಕೆ. ಅಂದರೆ, ದಿನದ ದುಡಿಮೆಯ ಅಳತೆ ಹೆಂಡತಿಯ ಕೈಯಲ್ಲಿತ್ತು.

ಈ ಸಲ ನಿಮ್ಮ ಹೊಲಕ್ಕೆ ಕಬ್ಬಿನ ಟೋಳಿ ಬಂದರೆ ಮುಕಾದಮನ ವಹಿ ತೆಗೆಸಿ ನೋಡಿ. ಕಡಿಯುವ ಹೆಂಗಸಿನ ಹೆಸರು ಅದರಲ್ಲಿದೆಯೇ ಎಂದು ಕೇಳಿ.