ಮುಖಪರದೆ ಕಾಯುವುದು ಯಾರನ್ನು?

ಬೆಂಗಳೂರಿನ ಶ್ರೀನಗರದ ಪಕ್ಕದ ಗವಿಪುರದಲ್ಲಿರುವ ಗಂಗಾಧರೇಶ್ವರನ ಗುಹಾಲಯದಿಂದ ಹಿಡಿದು ಬೀದಿಯ ತುದಿಯ ಪುಟ್ಟ ಗುಡಿಯವರೆಗೆ ಪಂಚಾಮೃತವೆಂದರೆ ಹಾಲು, ಮೊಸರು, ತುಪ್ಪ, ಸಕ್ಕರೆಯ ಜೊತೆಗೆ ಜೇನುತುಪ್ಪ ಇರಲೇಬೇಕು. ಇದೇ ಕನ್ನಡ ನಾಡಿನಲ್ಲಿ ಶತಮಾನಗಳಿಂದ ಬೇರೂರಿದ ಜೈನ ಧರ್ಮ ಜೇನನ್ನು ಮದ್ಯ, ಮಾಂಸಗಳ ಸಾಲಿನಲ್ಲೇ ಇಟ್ಟು ದೂರವಿರಿಸಿದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಈ ಮೂರನ್ನೂ ಬಿಡುವುದನ್ನು ಗೃಹಸ್ಥನ ಮೂಲಗುಣಗಳಲ್ಲಿ ಎಣಿಸುತ್ತದೆ. ಒಬ್ಬರಿಗೆ ದೇವರ ನೆತ್ತಿಗೆ ಸಲ್ಲುವ ವಸ್ತು, ಇನ್ನೊಬ್ಬರಿಗೆ ನಾಲಿಗೆಗೂ ಸಲ್ಲದು. ಇವರಿಬ್ಬರ ನಡುವೆ ನಿಂತು ತಾರಸಿಯ ಮೇಲೆ ತುಡುವೆ ಜೇನಿನ ಪೆಟ್ಟಿಗೆಯನ್ನು ತೆರೆಯುವವನು ತಲೆಗೆ ಏನು ಹಾಕಿಕೊಳ್ಳಬೇಕು, ಮೈಗೆ ಎಂಥ ಅಂಗಿ ತೊಡಬೇಕು ಎಂಬುದು ಅಂಗಡಿಯಲ್ಲಿ ಇತ್ಯರ್ಥವಾಗುವ ಸಂಗತಿಯಂತೆ ಕಾಣುತ್ತದೆ. ನನ್ನ ವಾದ ಬೇರೆ: ಹಿತವಾದ ರಕ್ಷಣಾ ಉಡುಪನ್ನು ಆರಿಸಿಕೊಳ್ಳುವುದು ಅಹಿಂಸೆಯ ಆಚರಣೆಗೇ ಸೇರಿದ ಕೆಲಸ.

ಮೊದಲು ನೊಣದ ಕಡೆಯಿಂದ ನೋಡೋಣ. ಕೆಲಸಗಾರ ನೊಣದ ಕೊಂಡಿಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿವೆ. ಮನುಷ್ಯನ ಚರ್ಮಕ್ಕೆ ಚುಚ್ಚಿದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ನೊಣ ಜಗ್ಗಿ ಹಾರಿದಾಗ ಕೊಂಡಿಯ ಜೊತೆ ವಿಷದ ಚೀಲ, ಹೊಟ್ಟೆಯೊಳಗಿನ ಭಾಗ ಎಲ್ಲವೂ ಕಿತ್ತು ಬರುತ್ತವೆ, ನೊಣ ಸಾಯುತ್ತದೆ. ಚರ್ಮದಲ್ಲಿ ಉಳಿದ ಚೀಲ ಮಾತ್ರ ಇನ್ನೂ ಸ್ವಲ್ಪ ಹೊತ್ತು ಮಿಡಿಯುತ್ತ ವಿಷ ಇಳಿಸುತ್ತದೆ, ಬಾಳೆಹಣ್ಣಿನಂಥ ವಾಸನೆಯೊಂದನ್ನು ಬಿಡುತ್ತದೆ. ಉಳಿದ ನೊಣಗಳಿಗೆ ಆ ವಾಸನೆಯೇ ದಾಳಿಯ ಕರೆ. ಹಾಗಾಗಿ ಒಂದು ಕಡಿತ ಒಂದಕ್ಕೇ ನಿಲ್ಲದೆ ಹತ್ತಾಗುತ್ತದೆ, ಹತ್ತು ನೊಣಗಳ ಸಾವಾಗುತ್ತದೆ. ಕಡಿಸಿಕೊಂಡವನಿಗೆ ಎರಡು ದಿನದ ಊತ, ಕಡಿದದ್ದಕ್ಕೆ ಪ್ರಾಣವೇ ಹೋಯಿತು. ಕೊಂಡಿ ಚರ್ಮ ಮುಟ್ಟದಂತೆ ತಡೆಯುವ ಬಟ್ಟೆ ಇಬ್ಬರನ್ನೂ ಕಾಯುತ್ತದೆ. ಇದರಲ್ಲಿ ಹೆಚ್ಚಿನ ಲಾಭ ನೊಣದ್ದು.

ಆದರೆ ಯಾವ ಬಟ್ಟೆಯಾದರೂ ಸಾಲದು. ಹೊಂಗೆ ಹೂ ಬಿಡುವ ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಲ್ಲಿ ಒತ್ತು ನೇಯ್ಗೆಯ ದಪ್ಪ ಬಟ್ಟೆ ತೊಟ್ಟು ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ನಿಂತವನ ಕಣ್ಣಿಗೆ ಬೆವರು ಇಳಿಯುತ್ತದೆ. ಒರೆಸಿಕೊಳ್ಳಲು ಆಗದು. ಬೇಗ ಮುಗಿಸಿಬಿಡೋಣ ಅನ್ನಿಸುತ್ತದೆ. ಎರಿ ಕಟ್ಟಿದ ಚೌಕಟ್ಟನ್ನು ಓರೆಯಾಗಿ ಎತ್ತುತ್ತಾನೆ, ಧಡಕ್ಕನೆ ಇಳಿಸುತ್ತಾನೆ, ನಡುವೆ ಸಿಕ್ಕ ನೊಣಗಳು ಅರೆದುಹೋಗುತ್ತವೆ. ರಾಣಿಯೇ ಸಿಕ್ಕಿಬಿಟ್ಟರೆ ಇಡೀ ಸಂಸಾರ ಅನಾಥ. ಗಾಳಿಯಾಡುವ ಮೂರು ಪದರದ ಬಲೆಬಟ್ಟೆಯ ಅಂಗಿ ಇದಕ್ಕೆ ಉತ್ತರ. ಅದರ ದಪ್ಪ ಕೊಂಡಿಯ ಉದ್ದವನ್ನು ಮೀರಿಸುತ್ತದೆ, ಗಾಳಿ ಮಾತ್ರ ಒಳಗೆ ಸುಳಿಯುತ್ತದೆ. ಬಣ್ಣ ಬಿಳಿ ಅಥವಾ ತಿಳಿಯಾಗಿರಬೇಕು, ಕಪ್ಪು ಮತ್ತು ಉಣ್ಣೆ ನೊಣಗಳನ್ನು ಕೆರಳಿಸುತ್ತವೆ. ಕಣ್ಣೆದುರಿನ ಬಲೆ ಮಾತ್ರ ಕಪ್ಪಾಗಿದ್ದರೆ ಒಳ್ಳೆಯದು, ಬಿಸಿಲಿಗೆ ಹೊಳೆಯದೆ ಎರಿಯ ಕಣಗಳಲ್ಲಿನ ಮೊಟ್ಟೆ ಸ್ಪಷ್ಟವಾಗಿ ಕಾಣುತ್ತದೆ. ಟೊಪ್ಪಿಗೆಯ ಅಂಚು ಅಗಲವಿರಲಿ. ಅಂಚು ಚಿಕ್ಕದಾದರೆ ಬಗ್ಗಿದ ಕೂಡಲೇ ಬಲೆ ಮೂಗಿಗೋ ಕಿವಿಗೋ ತಾಗುತ್ತದೆ, ತಾಗಿದ ಜಾಗದಲ್ಲೇ ಕೊಂಡಿ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ನೋಡಬೇಕಾದದ್ದು ಗಂಟಲ ಬಳಿ ಎರಡು ಜಿಪ್ಪುಗಳು ಕೂಡುವ ಜಾಗ. ಅಲ್ಲೊಂದು ಬೆರಳು ತೂರುವಷ್ಟು ಸಂದಿದ್ದರೂ ನೊಣ ಒಳಗೆ ಬರುತ್ತದೆ, ಬಂದ ನೊಣಕ್ಕೆ ಹೊರಗೆ ಹೋಗುವ ದಾರಿಯಿರುವುದಿಲ್ಲ.

ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಾಣ ತೆಗೆಯುವ ಕ್ರಿಯೆಯ ಜೊತೆಗೆ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮುಖ್ಯವಾಗಿ ಇಡುತ್ತದೆ. ಎಚ್ಚರವೇ ಅಹಿಂಸೆಯ ಬೇರು ಎಂದಾದರೆ, ಎಚ್ಚರವನ್ನು ಕೆಡಿಸುವ ಸೆಕೆ, ಉಸಿರುಗಟ್ಟು, ಭಯ ಇವೂ ಧರ್ಮವಿಚಾರದ ವ್ಯಾಪ್ತಿಗೆ ಬರಲೇಬೇಕು. ಮೈಗೆ ಹಿತವಾದದ್ದೆಲ್ಲ ಭೋಗವಲ್ಲ. ಶರೀರವನ್ನು ಅತಿಯಾಗಿ ದಂಡಿಸುವ ತಪಸ್ಸನ್ನು ಗೀತೆಯ ಹದಿನೇಳನೆಯ ಅಧ್ಯಾಯವೂ ಒಪ್ಪುವುದಿಲ್ಲ. ಚಿಕ್ಕಪೇಟೆಯ ಕಡೆ ಬಾಯಿಗೆ ಬಿಳಿ ವಸ್ತ್ರ ಕಟ್ಟಿಕೊಂಡು ನಡೆಯುವ ಸ್ಥಾನಕವಾಸಿ ಸಾಧ್ವಿಯರನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯಬೇಕು: ಆ ವಸ್ತ್ರ ಅವರನ್ನು ಕಾಯುವುದಕ್ಕಲ್ಲ, ಅವರ ಉಸಿರಿನ ಬಿಸಿಯಿಂದ ಗಾಳಿಯ ಸೂಕ್ಷ್ಮಜೀವಿಗಳನ್ನು ಕಾಯುವುದಕ್ಕೆ. ದಿಗಂಬರ ಮುನಿಯ ಕೈಯ ನವಿಲುಗರಿಯ ಪಿಂಛಿಯೂ ಹಾಗೆಯೇ. ಜೇನುನೊಣ ಕೂಡ ಮನುಷ್ಯನ ಉಸಿರಿಗೆ ಕೆರಳಿ ಮುಖಕ್ಕೇ ನುಗ್ಗುತ್ತದೆ. ಮುಖಪರದೆಯನ್ನು ಈ ಪರಂಪರೆಯಲ್ಲಿಟ್ಟು ನೋಡಿದರೆ ಅದು ಕವಚವೆನಿಸುವುದಿಲ್ಲ, ವ್ರತದ ಉಪಕರಣವೆನಿಸುತ್ತದೆ.

ಕವಚ ತೊಟ್ಟವನು ಉಡಾಫೆಯವನಾಗುತ್ತಾನೆ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಸತ್ಯವಿದೆ. ದಪ್ಪ ಚರ್ಮದ ಕೈಗವಸು ಹಾಕಿದ ಬೆರಳಿಗೆ ಅಡಿಯಲ್ಲಿ ನೊಣ ನಜ್ಜಾದದ್ದು ತಿಳಿಯುವುದೇ ಇಲ್ಲ. ಹಳೆಯ ಕಡಿತಗಳ ವಾಸನೆ ಆ ಚರ್ಮದಲ್ಲಿ ಉಳಿದು ಮತ್ತೆ ಮತ್ತೆ ದಾಳಿಯನ್ನು ಕರೆಯುತ್ತದೆ. ಆದ್ದರಿಂದಲೇ ಆಯ್ಕೆಯ ಮಾತು ಆಡುತ್ತಿದ್ದೇನೆ. ಮುಖಕ್ಕೆ, ಕೊರಳಿಗೆ ಪೂರ್ತಿ ರಕ್ಷಣೆ ಇರಲಿ. ಕೈಗೆ ತೆಳು ಗವಸು ಸಾಕು, ಸೌಮ್ಯ ಸಂಸಾರವಾದರೆ, ಕಡಿತ ಒಗ್ಗಿದವರಿಗೆ ಬರಿಗೈಯೂ ಆದೀತು. ಹೊಗೆತಿದಿಯ ಹೊಗೆಯೂ ಹದವಾಗಿರಬೇಕು. ಕಾಡಿನ ಜೇನುಕುರುಬರು ಇಂಥ ಅಂಗಿಯಿಲ್ಲದೆಯೇ ಹೆಜ್ಜೇನು ಇಳಿಸುತ್ತಿದ್ದರಲ್ಲ ಎನ್ನುವವರೂ ಇದ್ದಾರೆ. ಅವರ ಅರಿವಿಗೆ ತಲೆಬಾಗಬೇಕು. ಆದರೆ ಅದು ತಲೆಮಾರುಗಳ ಅಭ್ಯಾಸ, ಕತ್ತಲಲ್ಲಿ ಹೊಗೆಯಿಟ್ಟು ಪ್ರಾಣ ಪಣಕ್ಕಿಟ್ಟು ಮಾಡುವ ಕೆಲಸ. ಇನ್ನೊಬ್ಬರ ಅಪಾಯವನ್ನು ನಾವು ಕುಳಿತಲ್ಲಿಂದ ಆದರ್ಶವೆಂದು ಹೊಗಳುವುದು ತರವಲ್ಲ.

ಗಟ್ಟಿಯಾದ ಆಕ್ಷೇಪ ಜೈನರದೇ. ಜೇನನ್ನು ಮುಟ್ಟಲೇ ಬೇಡಿ, ಆಗ ಅಂಗಿಯ ಚರ್ಚೆಯೇ ಏಳುವುದಿಲ್ಲ ಎನ್ನುತ್ತಾರೆ. 1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಬಿಡಿ ಚೌಕಟ್ಟಿನ ಪೆಟ್ಟಿಗೆ ರೂಪಿಸಿದ ಮೇಲೆ, 1865ರಲ್ಲಿ ತಿರುಗುವ ಯಂತ್ರ ಬಂದ ಮೇಲೆ ಎರಿ ಹಿಂಡದೆ, ಮರಿಹುಳು ಕೊಲ್ಲದೆ ತುಪ್ಪ ತೆಗೆಯಬಹುದು ಎಂದು ಉತ್ತರಿಸುವುದು ವಾಡಿಕೆ. ಈ ಉತ್ತರ ಸಾಲದು. ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಾನಾಗಿ ತೊಟ್ಟಿಕ್ಕಿದ ಜೇನಿನಲ್ಲೂ ಅದನ್ನಾಶ್ರಯಿಸಿದ ಜೀವಿಗಳ ಹಿಂಸೆಯಿದೆ ಎಂದು ಆಗಲೇ ಹೇಳಿಬಿಟ್ಟಿದ್ದಾರೆ. ಯಾವ ಅಂಗಿಯೂ ಜೇನುತುಪ್ಪವನ್ನು ಅವರ ಪಾಲಿಗೆ ಶುದ್ಧ ಮಾಡಲಾರದು. ಇದನ್ನು ಒಪ್ಪಿಯೇ ಹೇಳುತ್ತೇನೆ, ಉಡುಪು ಬೇಕಾಗಿರುವುದು ಜೇನು ತಿನ್ನುವವರಿಗಷ್ಟೇ ಅಲ್ಲ. ಹೆಜ್ಜೇನು ನಮ್ಮ ಅನುಮತಿ ಕೇಳದೆ ನೀರಿನ ಟ್ಯಾಂಕಿನ ಅಡಿಗೆ, ನಾಲ್ಕನೆಯ ಮಹಡಿಯ ಸಜ್ಜಾಕ್ಕೆ ಬಂದು ಎರಿ ಕಟ್ಟುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ. ಕಾಲ ಬದಲಾದಾಗ ತಾನೇ ಎದ್ದು ಹೋಗುತ್ತದೆ. ಅಷ್ಟು ದಿನ ಕಾಯಲಾರದ ಭಯದಲ್ಲೇ ರಾತ್ರಿ ಕೀಟನಾಶಕ ಹೊಡೆಸುವುದು, ಬೆಂಕಿಯಿಡುವುದು ನಡೆಯುತ್ತದೆ. ಬೆಳಗ್ಗೆ ಸಾವಿರಾರು ನೊಣಗಳು ಕಸದ ಬುಟ್ಟಿ ಸೇರುತ್ತವೆ. ಜೇನು ನಾಲಿಗೆಗಿಡದ ಜೈನ ಕುಟುಂಬವೂ ಅದೇ ಕಟ್ಟಡದಲ್ಲಿದ್ದೀತು. ಮುಖಪರದೆ ತೊಟ್ಟು ಟ್ಯಾಂಕಿನ ನೀರು ನೋಡಿ ಬರಬಲ್ಲ ಒಬ್ಬನಿದ್ದರೆ ಆ ಕೊಲೆಯ ಅಗತ್ಯವೇ ಬೀಳುವುದಿಲ್ಲ.

ಇನ್ನು ಟ್ಯಾಂಕಿನ ಮೇಲೆ ಹತ್ತುವವನು ಯಾರು? ಸಾಮಾನ್ಯವಾಗಿ ಕಾವಲುಗಾರ, ಇಲ್ಲವೇ ಕೂಲಿಗೆ ಕರೆತಂದವನು. ಅವನಿಗೆ ಸಿಗುವ ರಕ್ಷಣೆ ಒಂದು ಗೋಣಿಚೀಲ, ಹಳೆಯ ಕಂಬಳಿ. ಹೆಜ್ಜೇನಿನ ಹಿಂಡು ಒಮ್ಮೆಲೇ ನುಗ್ಗಿದರೆ ಆರೋಗ್ಯವಂತನೂ ಸಾಯಬಹುದು, ಅಲರ್ಜಿ ಇದ್ದವನಿಗೆ ಒಂದೇ ಕಡಿತ ಸಾಕು. ನೊಣದ ಬಗ್ಗೆ ಮರುಗಿ ಅವನನ್ನು ಮರೆಯುವ ಅಹಿಂಸೆ ಅಪೂರ್ಣ. ಆದ್ದರಿಂದ ನಿಮ್ಮ ಕಟ್ಟಡದ ಸಂಘದ ಮುಂದಿನ ಸಭೆಯಲ್ಲಿ, ಹೆಜ್ಜೇನಿಗೂ ಸಾಲುವಂಥ ಗಾಳಿಯಾಡುವ ಎರಡು ಅಂಗಿ, ಅಗಲ ಅಂಚಿನ ಟೊಪ್ಪಿಗೆಯ ಎರಡು ಪರದೆಗಳನ್ನು ಕೊಳ್ಳುವ ಪ್ರಸ್ತಾಪ ಇಡಿ. ಅಳತೆ ತೆಗೆಯುವಾಗ ಮೇಲೆ ಹತ್ತುವವನನ್ನೇ ಕರೆದು ನಿಲ್ಲಿಸಿ, ಅವನು ಬಗ್ಗಿ, ಕೈ ಎತ್ತಿ ನೋಡಿ ಹಿತವೆಂದ ಮೇಲೆಯೇ ದುಡ್ಡು ಕೊಡಿ.